ಡೀಸೆಲ್ ಅಂಬಾಸಿಡರ್‌ಗೆ ಇಸುಜು ಪೆಟ್ರೋಲ್ ಇಂಜಿನ್ ಕೂರ್ಸಿದ್ದು: ಗ್ಯಾರೇಜ್, ಆರ್‌ಟಿಓ, ಖರ್ಚು ಎಲ್ಲಾ ಸೇರಿ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇಂಜಿನ್‌ಗೆ ಐದಕ್ಕೆ ಐದು, ಗ್ಯಾರೇಜ್‌ಗೆ ಐದಕ್ಕೆ ಮೂರೂವರೆ. ಗಾಡಿ ಓಡ್ಸೋಕೆ ಈಗ ನಿಜವಾಗ್ಲೂ ಖುಷಿಯಾಗತ್ತೆ. ಆದ್ರೆ ದುಡ್ಡು ಉಳಿಯತ್ತೆ ಅನ್ನೋ ಲೆಕ್ಕದಲ್ಲಿ ಇದಕ್ಕೆ ಕೈ ಹಾಕೋರಿದ್ರೆ ಬೇಡ, ಒಂದು ಪೈಸಾನೂ ಉಳಿಯಲ್ಲ, ಬದ್ಲಿಗೆ ಹೋಗತ್ತೆ. ಎಲ್ಲಿ ಹೋಗತ್ತೆ ಅಂತ ಕೆಳಗೆ ಬರ್ದಿದೀನಿ.

ಗಾಡಿ ನಮ್ಮ ಅಪ್ಪಾಜಿದು, 1994ರ ಅಂಬಾಸಿಡರ್ ನೋವಾ ಡೀಸೆಲ್, ಕೆಎ 09, ಮೈಸೂರು ಬಿಟ್ಟು ಬೇರೆ ಮನೆ ಕಂಡಿಲ್ಲ. 1489 ಸಿಸಿ ಡೀಸೆಲ್ ಇಂಜಿನ್, ಹೆಚ್ಚು ಕಮ್ಮಿ 37 ಹಾರ್ಸ್‌ಪವರ್, ಈಗಿನ ಸಣ್ಣ ಆಲ್ಟೋಗೂ ಅದಕ್ಕಿಂತ ಜಾಸ್ತಿ ಇರತ್ತೆ ಅಂದ್ರೆ ನೋಡ್ಕೊಳಿ, ಅದೂ ಒಂದು ಟನ್‌ಗಿಂತ ಮೇಲೆ ತೂಗೋ ಗಾಡಿಗೆ. ಐದು ಜನ ಕೂತು ಚಾಮುಂಡಿ ಬೆಟ್ಟ ಹತ್ತಿಸಿದ್ರೆ ಸೆಕೆಂಡ್ ಗೇರ್ ಬಿಟ್ಟು ಮೇಲೆ ಹೋಗ್ತಿರ್ಲಿಲ್ಲ, ಹಿಂದೆ ಬರೋ ಬಸ್ಸಿನವ್ನು ಹಾರ್ನ್ ಹೊಡ್ಕೊಂಡು ಶಾಪ ಹಾಕೋನು. ಹಾಗಂತ ಕೆಟ್ಟ ಇಂಜಿನ್ ಅಲ್ಲ, ಟ್ಯಾಕ್ಸಿಯವ್ರು ಅದ್ರಲ್ಲೇ ಮನೆ ಕಟ್ಕೊಂಡ್ರು, ಮಕ್ಳ ಮದುವೆ ಮಾಡಿದ್ರು. ಆದ್ರೆ ನಮ್ದು ಕೊನೆಕೊನೆಗೆ ಆಯಿಲ್ ಕುಡಿಯೋಕೆ ಶುರು ಮಾಡ್ತು, ಬೆಳಿಗ್ಗೆ ಹೀಟರ್ ಪ್ಲಗ್ ಎಷ್ಟು ಹೊತ್ತು ಹಿಡಿದ್ರೂ ಸ್ಟಾರ್ಟ್ ಆಗೋಕೆ ಸತಾಯಿಸ್ತಿತ್ತು, ಆದ ಮೇಲೆ ಇಡೀ ಬೀದಿಗೆ ಸೊಳ್ಳೆ ಹೊಗೆ ಹಾಕ್ದಂಗೆ ಬಿಳಿ ಹೊಗೆ. ಸವೆದ ಸಿಲಿಂಡರ್ ಕೊರೆದು ಬೋರ್ ಮಾಡ್ಸಿ, ಪಿಸ್ಟನ್ ಸೆಟ್ ಹಾಕ್ಸಿ, ಡೀಸೆಲ್ ಪಂಪು ನಾಝಲ್ ಕ್ಯಾಲಿಬ್ರೇಷನ್ ಮಾಡ್ಸೋಕೆ ಕೇಳಿದ್ರೆ ಬಂದ ಮೊತ್ತ ನೋಡಿ, ಇಷ್ಟು ದುಡ್ಡು ಹಾಕಿ ಮತ್ತೆ ಅದೇ 37 ಹಾರ್ಸ್‌ಪವರ್ರಾ ಅನ್ನಿಸ್ತು.

ಇನ್ನೊಂದು ವಿಷ್ಯ, ಆಗ ಡೀಸೆಲ್ ಅಂಬಾಸಿಡರ್ ಯಾಕೆ ತಗೋತಿದ್ರು ಅಂದ್ರೆ ಡೀಸೆಲ್ಲು ಪೆಟ್ರೋಲ್‌ಗಿಂತ ಸಿಕ್ಕಾಪಟ್ಟೆ ಅಗ್ಗ ಇತ್ತು ಅಂತ, ಅಷ್ಟೇಯ. ಒಳ್ಳೆ ಪೆಟ್ರೋಲ್ ಗಾಡಿಯ ಇಂಜಿನ್ ಕಿತ್ತು ಮ್ಯಾಟಡೋರ್ ಡೀಸೆಲ್ ಇಂಜಿನ್ ಕೂರ್ಸಿದೋರನ್ನ ನಮ್ಮ ಬೀದೀಲೇ ನೋಡಿದೀನಿ. ಪೆಟ್ರೋಲ್ ಬೆಲೆ ಮೇಲಿನ ಸರ್ಕಾರದ ಹಿಡಿತ 2010ರಲ್ಲಿ ಬಿಟ್ರು, ಡೀಸೆಲ್‌ದು 2014ರಲ್ಲಿ. ಈಗ ಎರಡಕ್ಕೂ ಲೀಟರ್‌ಗೆ ಹತ್ತು ಹನ್ನೆರಡು ರೂಪಾಯಿ ವ್ಯತ್ಯಾಸ. ತಿಂಗ್ಳಿಗೆ ನಾಲ್ಕು ಸಲ ಈಚೆ ತೆಗೆಯೋ ಗಾಡಿಗೆ ಅದೊಂದು ಲೆಕ್ಕಾನೇ ಅಲ್ಲ.

ಈಗ ಯಾವ ಇಂಜಿನ್ ಅನ್ನೋದು. ಇಲ್ಲಿ ನನ್ ಮಾತು ಒಂದೇ, ಕಂಪನಿಯವ್ರೇ ಆ ಗಾಡಿಗೆ ಹಾಕಿ ಮಾರಿದ ಇಂಜಿನ್ ಬಿಟ್ಟು ಬೇರೇದಕ್ಕೆ ಹೋಗ್ಲೇಬೇಡಿ. ಸಲಹೆ ಕೊಡೋರಿಗೇನು ಬರ ಇಲ್ಲ. ಒಬ್ಬ ಮೆಕ್ಯಾನಿಕ್ಕು ಹೆಡ್ ಕೆಲ್ಸ ಮಾಡಿ ಪ್ಲಗ್ ಹಾಕಿ ಇದೇ ಇಂಜಿನ್ನೇ ಪೆಟ್ರೋಲ್ ಮಾಡ್ಕೊಡ್ತೀನಿ ಅಂದ. ಸ್ವಾಮಿ, ಡೀಸೆಲ್‌ನಲ್ಲಿ ಕಂಪ್ರೆಷನ್ನು, ಅಂದ್ರೆ ಸಿಲಿಂಡರ್ ಒಳಗಿನ ಗಾಳಿನ ಎಷ್ಟು ಪಟ್ಟು ಒತ್ತತ್ತೆ ಅನ್ನೋದು, ಇಪ್ಪತ್ತಕ್ಕೊಂದರ ಮೇಲಿರತ್ತೆ, ಆ ಕಾಲದ ಪೆಟ್ರೋಲ್ ಇಂಜಿನ್‌ಗೆ ಎಂಟು ಒಂಬತ್ತು, ಅದನ್ನ ಹಂಗೇ ಇಟ್ಟು ಪೆಟ್ರೋಲ್ ಸುರಿದ್ರೆ ಇಂಜಿನ್ ಬಡಿದು ಬಡಿದೇ ಪಿಸ್ಟನ್ ತೂತಾಗತ್ತೆ. ಇನ್ನೊಬ್ರು ಹೊಸ ಕಾಲದ ಇಂಜೆಕ್ಷನ್ ಇಂಜಿನ್ ಇಸಿಎಮ್ (ಇಂಜಿನ್ ನಡೆಸೋ ಕಂಪ್ಯೂಟರ್ ಡಬ್ಬ) ಸಮೇತ ಕೂರ್ಸ್ತೀನಿ ಅಂದ್ರು, ಕೇಳೋಕೆ ಚೆನ್ನಾಗಿದೆ, ಓಡೋಕೂ ಚೆನ್ನಾಗೇ ಇರ್ಬೋದು, ಆದ್ರೆ ಆರ್‌ಟಿಓದಲ್ಲಿ ಏನಂತ ಬರ್ಸ್ತೀರಿ?

ಅಂಬಾಸಿಡರ್‌ನ ಪುಣ್ಯ ಏನಂದ್ರೆ ಹಿಂದೂಸ್ತಾನ್ ಮೋಟರ್ಸ್‌ನವ್ರು ತೊಂಬತ್ತರ ದಶಕದಲ್ಲಿ ಇದೇ ಬಾಡಿ ಒಳಗೆ ಜಪಾನಿನ ಇಸುಜು ಕಂಪನಿಯ 1.8 ಪೆಟ್ರೋಲ್ ಇಂಜಿನ್ ಹಾಕಿ 1800 ಐಎಸ್‌ಝಡ್ ಅಂತ ಮಾರಿದ್ರು. 1817 ಸಿಸಿ, 75 ಹಾರ್ಸ್‌ಪವರ್, ಐದು ಗೇರು. ಅಂದ್ರೆ ನಮ್ಮ ಡೀಸೆಲ್‌ದು ಡಬಲ್. ಕಾಂಟೆಸ್ಸಾ ಕ್ಲಾಸಿಕ್‌ಗೆ ಬರ್ತಿದ್ದದ್ದೂ ಇದೇ ವಂಶದ ಇಂಜಿನ್ನು, ಹಂಗಾಗಿ ಕಾಂಟೆಸ್ಸಾ ಇಟ್ಕೊಂಡಿರೋರ ಪರಿಚಯ ಇದ್ರೆ ಪಾರ್ಟ್ಸ್ ಹುಡ್ಕೋಕೆ ಸುಲಭ, ಆ ಜನ ಒಂಥರಾ ಹುಚ್ಚರು, ಒಳ್ಳೆ ಹುಚ್ಚರು, ಯಾವ ವಾಷರ್ ಎಲ್ಲಿ ಸಿಗತ್ತೆ ಅಂತ ಬಾಯಲ್ಲೇ ಹೇಳ್ತಾರೆ.

ಇಂಜಿನ್ ಹುಡ್ಕೋಕೆ ಬೆಂಗಳೂರಲ್ಲಿ ಶಿವಾಜಿನಗರದ ಗುಜರಿ ಪೂರ್ತಿ ಸುತ್ತಿದೀನಿ. ಬಿಡಿ ಇಂಜಿನ್ ಸಿಗತ್ತೆ, ಬೆಲೆನೂ ಕಮ್ಮಿ, ಆದ್ರೆ ಅದ್ರ ಜೊತೆ ಗೇರ್‌ಬಾಕ್ಸ್ ಇರಲ್ಲ, ಮೌಂಟಿಂಗ್ ಇರಲ್ಲ, ಮುಖ್ಯವಾಗಿ ಕಾಗದ ಇರಲ್ಲ. ಎಲ್ಲಿಂದ ಬಂತು ಅಂತ ಕೇಳಿದ್ರೆ ನಿಮ್ ಮುಖ ನೋಡ್ತಾರೆ. ನಾನು ಕಡೆಗೆ ಒಂದು ಪೂರ್ತಿ ಗಾಡಿನೇ ತಗೊಂಡೆ, ಹಾಸನದ ಕಡೆ ಒಬ್ರ ಶೆಡ್‌ನಲ್ಲಿ ನಿಂತಿದ್ದ ಐಎಸ್‌ಝಡ್, ಬಾಡಿ ಕೆಳಗಿಂದ ತಿಂದು ಹೋಗಿತ್ತು, ಇಂಜಿನ್ ಮಾತ್ರ ಕೈಯಲ್ಲಿ ತಿರುಗ್ಸಿದ್ರೆ ತಿರುಗ್ತಿತ್ತು. ಆರ್‌ಸಿ ಇತ್ತು, ಓನರ್ರು ಬದುಕಿದ್ರು, ಆರ್‌ಸಿ ರದ್ದು ಮಾಡ್ಸಿ ರಸೀದಿ ಬರ್ದು ಕೊಟ್ರು. ಇಂಜಿನ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಮೌಂಟಿಂಗು, ರೇಡಿಯೇಟರ್, ವೈರಿಂಗ್, ಮುಂದಿನ ಡಿಸ್ಕ್ ಬ್ರೇಕು, ಪೆಡಲ್ ಹಗುರ ಮಾಡೋ ಬೂಸ್ಟರ್ ಸಮೇತ, ಎಲ್ಲಾ ಒಂದೇ ಗಾಡಿಯಿಂದ. ಬಿಡಿಬಿಡಿಯಾಗಿ ತಗೊಂಡಿದ್ರೆ ಈ ಬ್ರಾಕೆಟ್ ಆ ಹೋಲ್‌ಗೆ ಕೂರಲ್ಲ ಅಂತ ಲೇತ್ ಅಂಗಡಿ ಬಾಗ್ಲಲ್ಲೇ ಇರ್ಬೇಕಾಗ್ತಿತ್ತು.

ಆರ್‌ಟಿಓ ಕಥೆ ಸ್ವಲ್ಪ ಉದ್ದ, ಆದ್ರೂ ಓದಿ, ಯಾಕಂದ್ರೆ ಎಲ್ರೂ ಇಲ್ಲೇ ಸಿಕ್ಕಾಕ್ಕೊಳ್ಳೋದು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಗಾಡೀಲಿ ಏನು ಬದ್ಲಾಯಿಸಿದ್ರೂ ಅದು ಕಂಪನಿ ಮೂಲದಲ್ಲಿ ಹೇಳಿರೋದಕ್ಕೆ ವ್ಯತ್ಯಾಸ ಆಗ್ಬಾರ್ದು. 2019ರ ಜನವರೀಲಿ ಸುಪ್ರೀಂ ಕೋರ್ಟು ಕೇರಳದ ಕೇಸೊಂದ್ರಲ್ಲಿ ಇದನ್ನೇ ಗಟ್ಟಿಯಾಗಿ ಹೇಳ್ತು, ಆಮೇಲಿಂದ ಆರ್‌ಟಿಓಗಳು ಬಿಗಿಯಾಗ್ಬಿಟ್ಟಿವೆ. ಅದೇ ವರ್ಷದ ತಿದ್ದುಪಡೀಲಿ ಅನುಮತಿ ಇಲ್ದೆ ಗಾಡಿ ಮಾರ್ಪಾಡು ಮಾಡಿದ ಓನರ್‌ಗೆ ಒಂದೊಂದು ಮಾರ್ಪಾಡಿಗೂ 5,000 ದಂಡ ಇಲ್ಲಾ ಆರು ತಿಂಗ್ಳವರೆಗೆ ಜೈಲು ಅಂತ ಸೇರ್ಸಿದಾರೆ. ಹಂಗಾಗಿ ಗ್ಯಾರೇಜ್‌ನವ್ನು "ಮೊದ್ಲು ಕೂರ್ಸಣ ಸಾರ್, ಆರ್‌ಸಿ ಬುಕ್ ಆಮೇಲೆ ಮಾಡ್ಸಣ" ಅಂದ್ರೆ ಗಾಡಿ ತಗೊಂಡು ವಾಪಸ್ ಬಂದ್ಬಿಡಿ. ಮೊದ್ಲು ಅರ್ಜಿ, ಲಿಖಿತ ಒಪ್ಪಿಗೆ, ಆಮೇಲೆ ಸ್ಪ್ಯಾನರ್.

ನನ್ನ ಫೈಲು ಮುಂದೆ ಹೋಗಿದ್ದೇ ಕಂಪನಿಯವ್ರು ಇದೇ ಮಾಡೆಲ್‌ನಲ್ಲಿ ಈ ಇಂಜಿನ್ ಹಾಕಿ ಮಾರಿದಾರೆ ಅನ್ನೋ ಒಂದು ಪಾಯಿಂಟ್ ಮೇಲೆ. ಬ್ರೇಕ್ ಇನ್‌ಸ್ಪೆಕ್ಟರ್ ಮೊದ್ಲು ಕೇಳಿದ್ದೇ ಅದು, "ಇದು ಕಂಪನಿ ಫಿಟಿಂಗ್‌ನಲ್ಲಿ ಇತ್ತೇನ್ರೀ?" ಅಂತ. ಹಳೇ ಓನರ್ಸ್ ಮ್ಯಾನ್ಯುಯಲ್, ಐಎಸ್‌ಝಡ್ ಆರ್‌ಸಿಯ ಜೆರಾಕ್ಸ್, ಖರೀದಿ ರಸೀದಿ ಎಲ್ಲಾ ಜೋಡ್ಸಿಟ್ಟಿದ್ದೆ, ಕೊಟ್ಟೆ. ಕೆಲ್ಸ ಮುಗಿದ್ಮೇಲೆ ಗಾಡಿ ತಗೊಂಡ್ಹೋಗಿ ಇಂಜಿನ್ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಛಾಪು ತೆಗ್ದು, ಎಮಿಷನ್ ಪೆಟ್ರೋಲ್ ಲೆಕ್ಕದಲ್ಲಿ ಹೊಸದಾಗಿ ಮಾಡ್ಸಿ ಕೊಡ್ಬೇಕು. ಡೀಸೆಲ್‌ಗೆ ಹೊಗೆ ಎಷ್ಟು ದಟ್ಟ ಅಂತ ನೋಡೋರು, ಪೆಟ್ರೋಲ್‌ಗೆ ಐಡ್ಲಿಂಗ್‌ನಲ್ಲಿ ಸಿಓ (ಕಾರ್ಬನ್ ಮಾನಾಕ್ಸೈಡ್) ಎಷ್ಟು, ಎಚ್‌ಸಿ (ಸುಡದೇ ಉಳಿದ ಇಂಧನ) ಎಷ್ಟು ಅಂತ ನೋಡ್ತಾರೆ, ಈ ವಯಸ್ಸಿನ ಗಾಡಿಗೆ ಸಿಓ 3 ಪರ್ಸೆಂಟ್ ಒಳಗಿರ್ಬೇಕು. ಕಾರ್ಬೊರೇಟರ್ ಟ್ಯೂನಿಂಗ್ ಸರಿ ಇದ್ರೆ ಆರಾಮಾಗಿ ಪಾಸು. ಆರ್‌ಸಿ ನವೀಕರಣ ಹತ್ರ ಇದ್ರೆ ಅದನ್ನೂ ಲೆಕ್ಕಕ್ಕೆ ಹಿಡ್ಕೊಳಿ, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಫೀಸು 5,000ದಿಂದ 10,000ಕ್ಕೆ ಏರ್ಸಿದ್ರು.

ಈಗ ಗ್ಯಾರೇಜು. ಬನ್ನಿಮಂಟಪದ ಕಡೆ ಇರೋದು, ಹೆಸ್ರು ಹಾಕಲ್ಲ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗತ್ತೆ. ಮೇಸ್ತ್ರಿಗೆ ಅರವತ್ತರ ಮೇಲಾಗಿದೆ, ಅಂಬಾಸಿಡರ್‌ನ ಕಣ್ಮುಚ್ಕೊಂಡು ಬಿಚ್ತಾರೆ. ನಾನು ಮೊದ್ಲ ದಿನ ಗಾಡಿ ತಗೊಂಡ್ಹೋದಾಗ ಬಾನೆಟ್ಟೇ ಎತ್ಲಿಲ್ಲ, ಒಳಗೆ ಕೂತು ಸ್ಟೀರಿಂಗ್ ಪಕ್ಕದ ಗೇರ್ ರಾಡ್ ಅಲ್ಲಾಡ್ಸಿ, "ಸಾರ್, ಮುಂದೆ ಮೂರು ಜನ ಕೂರೋದು ಇನ್ಮೇಲೆ ಮರ್ತುಬಿಡಿ" ಅಂದ್ರು. ವಿಷ್ಯ ಏನಂದ್ರೆ ನಮ್ದು ಸ್ಟೀರಿಂಗ್ ಗೇರು, ಮುಂದೆ ಉದ್ದಕ್ಕೆ ಒಂದೇ ಸೋಫಾ ಸೀಟು. ಇಸುಜು ಗೇರ್‌ಬಾಕ್ಸ್‌ದು ನೆಲದ ಗೇರು. ಫ್ಲೋರ್ ಮಧ್ಯದ ಉಬ್ಬು ಕತ್ತರಿಸಿ ಲಿವರ್ ಮೇಲೆ ತರ್ಬೇಕು, ಲಿವರ್ ಬಂದ್ಮೇಲೆ ನಡುವೆ ಕೂರೋರ ಮಂಡಿಗೆ ಜಾಗ ಇಲ್ಲ. ಅಪ್ಪಾಜಿಗೆ ಇದು ಸುತ್ರಾಂ ಒಪ್ಪಿಗೆ ಇರ್ಲಿಲ್ಲ. "ಸೀಟು ಬದ್ಲಾಯಿಸೋ ಹಂಗಿದ್ರೆ ಇಂಜಿನ್ನೂ ಬೇಡ ಏನೂ ಬೇಡ ಬಿಡೋ" ಅಂತ ಎರಡು ದಿನ ಮಾತು ಬಿಟ್ರು. ಕಡೆಗೆ ಮೇಸ್ತ್ರಿನೇ ದಾರಿ ಹುಡುಕಿ, ಸೋಫಾ ಸೀಟು ಉಳಿಸ್ಕೊಂಡು, ಮುಂದಿನ ಅಂಚಲ್ಲಿ ಫೋಮು ಒಂದು ಗೇಣು ಒಳಗೆ ಕತ್ತರ್ಸಿ ಹೊಲಿಸಿ, ಲಿವರ್‌ನ ಸ್ವಲ್ಪ ಬಗ್ಗಿಸಿ ಕೂರ್ಸಿದ್ರು. ಈಗ ಮಧ್ಯದಲ್ಲಿ ಮಕ್ಕಳು ಕೂರ್ಬೋದು, ದೊಡ್ಡೋರು ಆಗಲ್ಲ. ಇಂಥ ಕೆಲ್ಸಕ್ಕೇ ನಾನು ಸ್ಟಾರ್ ಕೊಟ್ಟಿರೋದು.

ಇನ್ನೊಂದು ನೋಡಿ ಖುಷಿಯಾಗಿದ್ದು. ಡೀಸೆಲ್ ಗಾಡೀಲಿ ಇಂಜಿನ್ ಆಫ್ ಮಾಡೋಕೆ ಕೀ ತಿರುಗ್ಸಿದ್ರೆ ಸಾಲ್ದು, ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಗುಂಡಿ ಎಳೀಬೇಕು, ಅದ್ರ ಕೇಬಲ್ಲು ಹೋಗಿ ಪಂಪಿನ ಲಿವರ್ ಎಳೆದು ಡೀಸೆಲ್ ನಿಲ್ಸತ್ತೆ. ಪೆಟ್ರೋಲ್‌ಗೆ ಅದು ಬೇಡ, ಆದ್ರೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡೋಕೆ ಪೆಟ್ರೋಲ್ ಜಾಸ್ತಿ ಬಿಡೋ ಚೋಕ್ ಬೇಕು. ಮೇಸ್ತ್ರಿ ಅದೇ ಗುಂಡಿಗೆ ಚೋಕ್ ಕೇಬಲ್ ಕಟ್ಟಿದ್ರು, ಹೊಸ ತೂತು ಕೊರೀಲೇ ಇಲ್ಲ. ನಮ್ಮ ಅಪ್ಪಾಜಿ ಈಗ್ಲೂ ಗಾಡಿ ನಿಲ್ಸಿದ ತಕ್ಷಣ ಅಭ್ಯಾಸಬಲದಲ್ಲಿ ಅದನ್ನ ಎಳೀತಾರೆ, ಮುಂದಿನ ಸಲ ಸ್ಟಾರ್ಟ್ ಮಾಡೋ ಹೊತ್ಗೆ ಬಿಸಿ ಇಂಜಿನ್ ಚೋಕ್‌ನಲ್ಲಿ ಕೂತಿರತ್ತೆ, ಪೆಟ್ರೋಲ್ ವಾಸ್ನೆ ಘಮ್ಮಂತ ಹೊಡೀತಿರತ್ತೆ. ಬ್ರೇಕ್ ಬೂಸ್ಟರ್‌ದೂ ಅಷ್ಟೇ, ಡೀಸೆಲ್‌ನಲ್ಲಾದ್ರೆ ವ್ಯಾಕ್ಯೂಮ್‌ಗೆ ಬೇರೆ ಪಂಪ್ ಬೇಕು, ಪೆಟ್ರೋಲ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಒಂದು ಪೈಪ್ ಎಳೆದ್ರೆ ಮುಗೀತು. ಡಿಸ್ಕ್ ಬ್ರೇಕ್ ಹಾಕ್ಸೋದು ಮಾತ್ರ ಬಿಡ್ಬೇಡಿ, ಹಳೇ ಡ್ರಮ್ ಇಟ್ಕೊಂಡು ಡಬಲ್ ಪವರ್ ಹಾಕಿದ್ರೆ ಓಡತ್ತೆ ಸರಿ, ನಿಲ್ಬೇಕಲ್ಲ. ಮುಂದಿನ ತೂಕ ಬದ್ಲಾಗಿ ಮೂತಿ ಸ್ವಲ್ಪ ಮೇಲೆದ್ದಿತ್ತು, ಅಂಬಾಸಿಡರ್‌ಗೆ ಮುಂದೆ ಸ್ಪ್ರಿಂಗ್ ಬದ್ಲು ತಿರುಚೋ ಕಂಬಿ, ಅಂದ್ರೆ ಟಾರ್ಷನ್ ಬಾರ್, ಇರೋದ್ರಿಂದ ಅದನ್ನ ಅಡ್ಜಸ್ಟ್ ಮಾಡಿ ಇಳಿಸಿದ್ರು.

ಇನ್ನು ತಕರಾರು. ಒಂದೂವರೆ ತಿಂಗ್ಳು ಅಂದೋರು ಮೂರು ತಿಂಗ್ಳ ಮೇಲೆ ಇಟ್ಕೊಂಡ್ರು. ಮಧ್ಯದಲ್ಲಿ ದಸರಾ ಬಂತು, ಆಯುಧಪೂಜೆ ದಿನ ನನ್ ಗಾಡಿಗೂ ಕುಂಬಳಕಾಯಿ ಒಡೆದು ಹಾರ ಹಾಕಿ ಫೋಟೋ ಕಳ್ಸಿದ್ರು, ಫೋಟೋದಲ್ಲಿ ಇಂಜಿನ್ ಮಾತ್ರ ಇರ್ಲಿಲ್ಲ. ಫೋನ್ ಮಾಡಿದ್ರೆ ಹುಡುಗ್ರು ಎತ್ತಿ "ಮೇಸ್ತ್ರಿ ಊಟಕ್ ಹೋಗವ್ರೆ" ಅನ್ನೋದು, ಬೆಳಿಗ್ಗೆ ಹತ್ತು ಗಂಟೆಗೂ ಅದೇ ಉತ್ರ. ಇದು ಸಹಿಸ್ಕೋಬೋದು. ಸಹಿಸೋಕಾಗದ್ದು ಡೀಸೆಲ್ ಟ್ಯಾಂಕ್ ವಿಷ್ಯ. ಟ್ಯಾಂಕ್ ಇಳಿಸಿ ತೊಳೆದು ಕೊಡಿ ಅಂತ ಎಸ್ಟಿಮೇಟ್‌ನಲ್ಲೇ ಬರ್ಸಿದ್ದೆ, ದುಡ್ಡೂ ಕೊಟ್ಟಿದೀನಿ. ಮೂವತ್ತು ವರ್ಷ ಡೀಸೆಲ್ ಇದ್ದ ಟ್ಯಾಂಕ್ ತಳದಲ್ಲಿ ಕರೀ ಜಿಡ್ಡು ಕೂತಿರತ್ತೆ, ಪೆಟ್ರೋಲ್ ಬಿದ್ರೆ ಅದು ಕರಗಿ ಎದ್ದು ಬರತ್ತೆ. ಗಾಡಿ ತಗೊಂಡು ಕುಶಾಲನಗರಕ್ಕೆ ಹೊರಟಿದ್ವಿ, ಹುಣಸೂರು ದಾಟಿ ಸ್ವಲ್ಪ ದೂರ ಹೋಗಿದ್ವಿ ಅಷ್ಟೇ, ಕೆಮ್ಮಿ ಕೆಮ್ಮಿ ನಿಂತ್ಹೋಯ್ತು. ಫಿಲ್ಟರ್ ಬಿಚ್ಚಿದ್ರೆ ಒಳಗಿಂದ ಬಂದದ್ದು ಪೆಟ್ರೋಲ್ ಅಲ್ಲ, ಕಾಫಿ ಡಿಕಾಕ್ಷನ್ ಬಣ್ಣದ ನೀರು, ಬೆರಳಿಗೆ ತಾಗಿದ್ರೆ ಅಂಟು. ಆ ಫಿಲ್ಟರ್ ಹಂಗೇ ಕವರ್‌ನಲ್ಲಿ ಹಾಕ್ಕೊಂಡ್ಹೋಗಿ ಮೇಸ್ತ್ರಿ ಟೇಬಲ್ ಮೇಲಿಟ್ಟೆ. ಅವ್ರು ಒಂದ್ ಮಾತೂ ಆಡ್ಲಿಲ್ಲ, ಹುಡುಗನ್ನ ಕರ್ದು ಬೈದು, ಅವತ್ತೇ ಟ್ಯಾಂಕ್ ಇಳಿಸಿ, ತೊಳೆದು, ಲೈನು ಹೊಸದು ಹಾಕಿ, ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿ ಕೊಟ್ರು, ದುಡ್ಡು ತಗೊಳ್ಲಿಲ್ಲ. ಅದಕ್ಕೇ ಹೆಸ್ರು ಹಾಕ್ತಿಲ್ಲ. ಒಳ್ಳೆ ಕೈ, ಕೆಳಗಿನೋರ ಮೇಲೆ ಕಣ್ಣು ಸಾಲ್ದು.

ಸ್ಪೀಡೋಮೀಟರ್ ಸುಳ್ಳು ಹೇಳ್ತಿತ್ತು, ಮೊಬೈಲ್ ಜಿಪಿಎಸ್‌ನಲ್ಲಿ 60 ಇದ್ರೆ ಇದ್ರಲ್ಲಿ 75ರ ಹತ್ರ. ಗೇರ್‌ಬಾಕ್ಸ್ ಬದ್ಲಾದ್ರೆ ಸ್ಪೀಡೋ ಕೇಬಲ್ ಕಡೆಯ ಪಿನಿಯನ್‌ನೂ (ಸಣ್ಣ ಹಲ್ಲಿನ ಚಕ್ರ) ಹಿಂದಿನ ಆಕ್ಸಲ್‌ನ ಕ್ರೌನ್ ಗೇರ್‌ನೂ ಒಂದಕ್ಕೊಂದು ಹೊಂದಿಸ್ಬೇಕು, ಇದನ್ನ ಮುಂಚೇನೇ ಹೇಳಿ ಮಾಡ್ಸಿ. ಸೈಲೆನ್ಸರ್ ಕೆಲ್ಸ ಈಗ್ಲೂ ನಂಗೆ ಸಮಾಧಾನ ಇಲ್ಲ, ಬೆಂಡ್ ಒಂದು ಕಡೆ ಫ್ಲೋರ್‌ಗೆ ತಾಗಿ ಹಂಪ್ ಹತ್ತಿದಾಗೆಲ್ಲ ಟಂಗ್ ಅನ್ನತ್ತೆ.

ಓಡ್ಸೋದು ಹೇಗಿದೆ ಅಂತೀರಾ. ಸ್ಟಾರ್ಟ್ ಮಾಡಿದ್ರೆ ಮೊದಲ ವಾರ ನಂಗೇ ಡೌಟು, ಆನ್ ಆಗಿದ್ಯೋ ಇಲ್ವೋ ಅಂತ ಇನ್ನೊಂದ್ಸಲ ಕೀ ತಿರುಗ್ಸಿ ಸ್ಟಾರ್ಟರ್‌ನ ಕಿರ್ ಅನ್ನಿಸಿದೀನಿ. ಗೇರ್ ರಾಡ್ ನಡುಗಲ್ಲ, ಕನ್ನಡಿ ನಡುಗಲ್ಲ, ಹಿಂದೆ ಕೂತೋರ ಜೊತೆ ಕಿರುಚದೆ ಮಾತಾಡ್ಬೋದು. ಚಾಮುಂಡಿ ಬೆಟ್ಟ ಈಗ ಥರ್ಡ್‌ನಲ್ಲಿ ಹತ್ತತ್ತೆ, ತಿರುವಲ್ಲಿ ಮಾತ್ರ ಸೆಕೆಂಡು. ಬೆಂಗಳೂರು ಎಕ್ಸ್‌ಪ್ರೆಸ್‌ವೇಲಿ ಐದನೇ ಗೇರ್‌ಗೆ ಹಾಕಿ 80ರಲ್ಲಿ ಕೂತ್ರೆ ಕೂತ್ಹಂಗೇ ಹೋಗ್ತಿರತ್ತೆ. ಅಲ್ಲಿ 100ರವರೆಗೂ ಬಿಡ್ತಾರೆ, ಇದೂ ಹೋಗತ್ತೆ, ಆದ್ರೆ ಸ್ಟೀರಿಂಗು ಅದೇ ಹಳೇದು, ಮಧ್ಯದಲ್ಲಿ ಎರಡು ಬೆರಳು ಆಟ ಇದೆ, ಪಕ್ಕದಲ್ಲಿ ವೋಲ್ವೋ ದಾಟ್ಕೊಂಡು ಹೋದ್ರೆ ಗಾಡಿ ಅಲುಗತ್ತೆ, ನಂಗೆ 80 ಸಾಕಪ್ಪ.

ದುಡ್ಡಿನ ಲೆಕ್ಕ. ಐಎಸ್‌ಝಡ್ ಗಾಡಿ, ಟೋಯಿಂಗು, ಇಂಜಿನ್‌ಗೆ ರಿಂಗು, ವಾಲ್ವು, ಗ್ಯಾಸ್ಕೆಟ್ ಕಿಟ್ಟು, ಕ್ಲಚ್ ಪ್ಲೇಟು, ಲೇಬರ್, ಸೀಟು, ಸೈಲೆನ್ಸರ್, ಆರ್‌ಟಿಓ ಎಲ್ಲಾ ಸೇರಿ ಎರಡು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಇದ್ರಲ್ಲಿ ಇಂಜಿನ್ ಗೇರ್‌ಬಾಕ್ಸ್ ಅಂತ ಹಿಡಿದ್ರೆ ಅರ್ಧಾನೂ ಇಲ್ಲ, ಮಿಕ್ಕಿದ್ದೆಲ್ಲ ಸುತ್ತಮುತ್ತಲಿನ ಸಣ್ಣಪುಟ್ಟದೇ, ಜೆಸಿ ರೋಡ್‌ನಲ್ಲಿ ಹೋಗಿ ರಬ್ಬರ್ ಬುಷ್, ಹೋಸ್ ಪೈಪ್ ಅಂತ ತಂದಿದ್ರ ಬಿಲ್ಲೇ ಒಂದು ಕಟ್ಟಿದೆ. ಮೈಲೇಜು ಮೊದ್ಲು ಹದಿಮೂರು ಹದಿನಾಲ್ಕು ಕೊಡ್ತಿದ್ದಿದ್ದು ಈಗ ಊರೊಳಗೆ ಎಂಟು, ಹೈವೇಲಿ ಹತ್ತು.

ಯಾರೂ ಹೇಳದೇ ಇರೋ ಒಂದು ಖರ್ಚು ಇನ್ಶೂರೆನ್ಸು. ಥರ್ಡ್ ಪಾರ್ಟಿ ಪ್ರೀಮಿಯಂ ಇಂಜಿನ್ ಸಿಸಿ ಮೇಲೆ ಹೋಗತ್ತೆ, 1000 ಸಿಸಿ ಒಳಗೆ ಒಂದು, 1000ದಿಂದ 1500 ಒಂದು, 1500ರ ಮೇಲೆ ಒಂದು. ನಮ್ಮ ಡೀಸೆಲ್ಲು 1489, ಜಸ್ಟ್ ಕೆಳಗಿನ ಸ್ಲ್ಯಾಬ್‌ನಲ್ಲಿತ್ತು. 1817 ಅಂದ್ರೆ ಮೇಲಿನ ಸ್ಲ್ಯಾಬ್. 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ 3,416 ಇದ್ದಿದ್ದು 7,897 ಆಗತ್ತೆ, ಮೇಲೆ ಜಿಎಸ್‌ಟಿ ಬೇರೆ. ಹೇಳದೇ ಹಳೇ ಪಾಲಿಸೀಲೇ ಓಡ್ಸಣ ಅನ್ನೋರು ಒಂದು ಯೋಚ್ನೆ ಮಾಡಿ, ಇಂಜಿನ್ ನಂಬರ್ ಹೊಂದದ ಗಾಡಿ ಯಾರಿಗಾದ್ರೂ ಗುದ್ದಿದ್ರೆ ಕಂಪನಿಯವ್ರು ಮೊದ್ಲು ನೋಡೋದೇ ಆ ನಂಬರ್ರು.

ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇರತ್ತಲ್ಲ, ಅದು ಹಳೇ ರಬ್ಬರ್‌ಗೆ ಆಗ್ಬರಲ್ಲ. ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ಹೋಸು ಎಲ್ಲಾ ಮೆತ್ತಗಾಗಿ ಬಿರುಕು ಬಿಡತ್ತೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಏನಾಗತ್ತೆ ಅಂತ ನಾನ್ ಹೇಳ್ಬೇಕಾಗಿಲ್ಲ. ಹೆಂಗೂ ಲೈನ್ ಪೂರ್ತಿ ಬದ್ಲಾಯಿಸ್ತೀರ, ಎಥನಾಲ್ ತಡ್ಕೊಳೋ ವೈಟಾನ್ ರಬ್ಬರ್ ಹೋಸ್ ಕೇಳಿ ಹಾಕ್ಸಿ, ರೇಟು ಜಾಸ್ತಿ ಅಂತ ಚೌಕಾಸಿಗೆ ಬೀಳ್ಬೇಡಿ. ಗಾಡಿ ತಿಂಗ್ಳುಗಟ್ಲೆ ನಿಲ್ಸೋ ಹಂಗಿದ್ರೆ ಟ್ಯಾಂಕಲ್ಲಿ ಹಳೇ ಪೆಟ್ರೋಲ್ ಇಡ್ಬೇಡಿ, ಎಥನಾಲ್ ನೀರು ಎಳ್ಕೊಳತ್ತೆ.

ಈ ಗ್ಯಾರೇಜ್‌ಗೆ ಹೋಗ್ಬೇಕು ಅನ್ನೋರು ಬನ್ನಿಮಂಟಪದಲ್ಲಿ ಯಾವ್ದಾದ್ರೂ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಅಂಬಾಸಿಡರ್ ಮೇಸ್ತ್ರಿ ಅಂತ ಕೇಳಿದ್ರೆ ತೋರಿಸ್ತಾರೆ. ಬೆಳಿಗ್ಗೆ ಹೊತ್ತು ಹೋಗಿ, ಎಸ್ಟಿಮೇಟ್ ಬರ್ಸ್ಕೊಳಿ, ದುಡ್ಡು ಮೂರು ಕಂತಲ್ಲಿ ಕೊಡಿ, ಟ್ಯಾಂಕ್ ತೊಳೆಯುವಾಗ ಪಕ್ಕದಲ್ಲೇ ನಿಂತಿರಿ.

ತೆಗ್ದ ಡೀಸೆಲ್ ಇಂಜಿನ್ ಕೆಜಿ ಲೆಕ್ಕದಲ್ಲಿ ತಗೋತೀವಿ ಅಂದ್ರು, ನಾನು ಕೊಡ್ಲಿಲ್ಲ. ಆರ್‌ಸೀಲಿ ಹೊಸ ನಂಬರ್ ಬರೋವರೆಗೂ ಅದು ನಿಮ್ಮ ಹತ್ರಾನೇ ಇರ್ಲಿ. ನಂದು ಈಗ ಬಂದಾಯ್ತು, ಹಂಗಾಗಿ ಪಂಪು, ಸ್ಟಾರ್ಟರು, ನಾಲ್ಕು ಗೇರಿನ ಬಾಕ್ಸು ಎಲ್ಲಾ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಟ್ಟಿದೀನಿ. ಡೀಸೆಲ್ ನೋವಾ ಇಟ್ಕೊಂಡಿರೋರಿಗೆ ಬೇಕಿದ್ರೆ ಮೆಸೇಜ್ ಮಾಡಿ, ಬ್ಲಾಕ್ ಮಾತ್ರ ಬೋರ್ ಮಾಡ್ಸ್ಲೇಬೇಕು, ಪಂಪು ಚೆನ್ನಾಗಿದೆ.